ಸ್ಪೆಷಲ್ಸ್ ಮೇಳದ ಗೀತಗಳು

ಕುಣಿಸುವ ಹಾಡು ಮನಸ್ಸನ್ನು ಹಗುರಗೊಳಿಸಬಲ್ಲುದೇ ಹೊರತು ಶೋಕದ ಭಾರವನ್ನು ಹೊರಲಾರದು ಎಂಬ ಅಭಿಪ್ರಾಯವು ರಸಿಕರಲ್ಲಿ ರೂಢವಾಗಿರುವುದು. ಇಂಗ್ಲೆಂಡಿನ ‘ಸ್ಪೆಷಲ್ಸ್’ ಮೇಳದ ಗೀತಗಳನ್ನು ಮನವಿಟ್ಟು ಕೇಳಿದವರಲ್ಲಿ ಆ ಅಭಿಪ್ರಾಯವು ನಿಲ್ಲದು.

೧೯೭೭ರಲ್ಲಿ ಕವೆಂಟ್ರಿ ನಗರದಲ್ಲಿ ಹುಟ್ಟಿದ ಈ ಮೇಳವು ಜಮೈಕಾ ದ್ವೀಪದ ‘ಸ್ಕಾ’ ಎಂಬ ನೃತ್ಯಸಂಗೀತವನ್ನು ಆಗಿನ ಆಂಗ್ಲ ತರುಣರ ‘ಪಂಕ್’ ಎಂಬ ಒರಟು ಸಂಗೀತದೊಡನೆ ಬೆಸೆಯಿತು. ಏಳು ಮಂದಿಯ ಪೈಕಿ ಇಬ್ಬರು ಜಮೈಕಾದಲ್ಲಿ ಜನಿಸಿದ ಕಪ್ಪುವರ್ಣದವರು, ಉಳಿದವರು ಬಿಳಿಯರು. ಮೇಳವನ್ನು ಕಟ್ಟಿದ ಜೆರ್ರಿ ಡ್ಯಾಮರ್ಸನು ೧೯೫೫ರಲ್ಲಿ ಹುಟ್ಟಿದುದು ಮೈಸೂರು ಸೀಮೆಗೆ ನೆರೆಯದಾದ ಉದಕಮಂಡಲದಲ್ಲಿ. ಆದರೆ ಆ ನೆಲದ ಛಾಯೆ ಯಾವುದೂ ಅವನ ಸಂಗೀತದಲ್ಲಿ ಕಾಣದು.

ಸ್ಕಾದ ಜೀವವಿರುವುದು ಲಯದಲ್ಲಿ. ತಾಳದ ಪೆಟ್ಟು ಬೀಳುವಲ್ಲಿ ಗಿಟಾರು ಸುಮ್ಮನಿದ್ದು, ಎರಡು ಪೆಟ್ಟುಗಳ ನಡುವಣ ಬಿಡುವಿನಲ್ಲಿ ಚುಟುಕಾಗಿ ಮಿಡಿಯುವುದು. ಕೇಳುವವನ ಕಾಲು ಆ ಪೆಟ್ಟಿನ ಎಡೆಯನ್ನು ತುಂಬಲೆಂದು ತಾನಾಗಿಯೇ ಏಳುವುದು. ೧೯೭೯ರ ಮೊದಲ ಸಂಪುಟದಲ್ಲೆಲ್ಲ ಈ ಉತ್ಸಾಹವು ತುಂಬಿ ತುಳುಕುತ್ತಿದೆ. ಅದರ ಪ್ರಾರಂಭದ ಗೀತವು ಡ್ಯಾಂಡಿ ಲಿವಿಂಗ್‌ಸ್ಟನನು ೧೯೬೭ರಲ್ಲಿ ಹಾಡಿದ್ದ ಹಳೆಯ ಹಾಡು. ಅಂದು ಅದಕ್ಕೆ ಟ್ರೊಂಬೋನೆಂಬ ಹಿತ್ತಾಳೆಯ ವಾದ್ಯವನ್ನು ಊದಿದ್ದ ರೀಕೊ ರಾಡ್ರಿಗೆಸನೇ ಹನ್ನೆರಡು ವರ್ಷಗಳ ಮೇಲೆ ಈ ತರುಣರ ನಡುವೆ ನಿಂತು ಮತ್ತೆ ಊದಿದನು. ಗುರುವನ್ನು ಮರೆಯದ ಶಿಷ್ಯರು! ಎಲ್ಲವೂ ಮೆಚ್ಚತಕ್ಕುದಲ್ಲ. ಎಳೆಯ ವಯಸ್ಸಿನಲ್ಲಿ ತಾಯಿಯಾದವಳೊಬ್ಬಳನ್ನು ಹಳಿಯುವ ‘ಟೂ ಮಚ್ ಟೂ ಯಂಗ್’ ಗೀತವು ೧೯೮೦ರಲ್ಲಿ ಮಾರಾಟದಲ್ಲಿ ಮೊದಲ ಸ್ಥಾನಕ್ಕೇರಿತಾದರೂ ಅದರ ಪರಿಹಾಸದಲ್ಲಿ ಕರುಣೆಯ ಲೇಶವೂ ಇಲ್ಲ.

ಅದೇ ವರ್ಷ ಗಿಟಾರುವಾದಕ ಲಿನ್‌ವಲ್ ಗೋಲ್ಡಿಂಗನು ವರ್ಣದ್ವೇಷಿಗಳ ಕೈಯಲ್ಲಿ ಪೆಟ್ಟು ತಿಂದು ಗಾಯಗೊಂಡನು. ‘ಏಕೆ?’ ಎಂದು ಹೊಡೆದವರನ್ನೇ ಕೇಳುವ ಅವನ ಗೀತವು ೧೯೮೧ರ ಜೂನಿನಲ್ಲಿ ‘ಘೋಸ್ಟ್ ಟೌನ್’ ಎಂಬ ಹಾಡಿನ ತಟ್ಟೆಯಲ್ಲಿಯೇ ಅಚ್ಚಾಗಿ ಹೊರಬಿತ್ತು. ‘ಘೋಸ್ಟ್ ಟೌನ್’ ಎಂದರೆ ಹಾಳೂರು. ಮೋಟಾರು ಕಾರ್ಖಾನೆಗಳ ಕವೆಂಟ್ರಿಯಲ್ಲಿ ಆಗ ನಿರುದ್ಯೋಗವು ಹಬ್ಬಿದ್ದಿತು. ಲಂಡನಿನ ಬ್ರಿಕ್ಸ್‌ಟನ್ನಿನಲ್ಲಿ ಏಪ್ರಿಲಿನಲ್ಲಿಯೇ ದಂಗೆಯೆದ್ದಿದ್ದಿತು. ಜುಲೈ ತಿಂಗಳಿನಲ್ಲಿ ಲಿವರ್‌ಪೂಲ್ ಮೊದಲಾದ ನಗರಗಳು ಹೊತ್ತಿ ಉರಿಯುತ್ತಿದ್ದಾಗ ಈ ಹಾಡು ಮೂರು ವಾರಗಳವರೆಗೆ ದೇಶದ ಅಗ್ರಗೀತವಾಗಿ ಮೆರೆಯಿತು.

ಇಲ್ಲಿ ನಡೆ ನಿಧಾನವಾಗಿದೆ. ಕಾಲನ್ನು ಕುಣಿತಕ್ಕೆ ಕರೆಯುತ್ತಿದ್ದ ಆ ಬಿಡುವೇ ಈಗ ಜನರಿಲ್ಲದ ಬೀದಿಯಾಗಿ ಕೇಳಿಸುವುದು. ಲಯವು ಬದಲಾಗಿಲ್ಲ, ಅದನ್ನು ತುಂಬುವವರು ಇಲ್ಲವಾಗಿದ್ದಾರೆ. ೨೦೨೨ರಲ್ಲಿ ತೀರಿಕೊಂಡ ಟೆರ್ರಿ ಹಾಲನ ಕಂಠವು ರೋದಿಸುವುದಿಲ್ಲ, ಗದರುವುದೂ ಇಲ್ಲ. ಕಂಡುದನ್ನು ವರದಿಮಾಡುವಂತೆ ನಿರ್ಭಾವವಾಗಿ ನುಡಿಯುವುದು. ನಡುವೆ ಒಮ್ಮೆ ಮಾತ್ರ, ಎಲ್ಲರೂ ಕೂಡಿ ಕುಣಿದ ಹಿಂದಿನ ದಿನಗಳ ನೆನಪು ಬಂದಾಗ, ಸ್ವರಗಳು ತಟ್ಟನೆ ಬೆಳಗುವುವು. ಮರುಕ್ಷಣದಲ್ಲಿಯೇ ಆ ಬೆಳಕು ಆರಿ ಹಳೆಯ ಮಂಕು ಕವಿಯುವುದು. ರೀಕೊನ ಟ್ರೊಂಬೋನು ಆ ಬರಿದಾದ ಬೀದಿಯಲ್ಲಿ ಒಂಟಿಯಾಗಿ ಅಲೆಯುವುದು. ಹಾಡಿನ ಜಯವನ್ನು ಅನುಭವಿಸುವ ಮೊದಲೇ ಹಾಲ್, ಗೋಲ್ಡಿಂಗ್, ಸ್ಟೇಪಲ್ ಮೂವರೂ ಮೇಳವನ್ನು ತೊರೆದರು.