ತೊಳ್ಳಾಯಿರದ ಎದುರು ನಿಂತ ಮಗು: ಹೊಸೂರು ಗಡಿಯಲ್ಲಿ ಕಲಿಕಾ ಮಟ್ಟದ ಅಳತೆ

ತಮಿಳಿನ ನೂರುಗಳ ಏಣಿ ಕನ್ನಡ ಮನೆಯ ಮಗುವಿಗೆ ಬಹಳ ದೂರದವರೆಗೆ ಪರಿಚಿತವಾಗಿಯೇ ಕೇಳಿಸುತ್ತದೆ. ಇನ್ನೂರು ಅಲ್ಲಿ ಇರುನೂರು. ಮುನ್ನೂರು, ನಾನೂರು, ಐನೂರುಗಳಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ. ಆರುನೂರು, ಏಳುನೂರುಗಳ ಮೊದಲ ಸ್ವರ ಕುಗ್ಗುತ್ತದೆ, ಅಷ್ಟೆ. ಎಂಟುನೂರು ಎಣ್ಣೂರಾಗುವಲ್ಲಿ ಕಿವಿ ಒಂದು ಕ್ಷಣ ಎಡವಿ ಚೇತರಿಸಿಕೊಳ್ಳುತ್ತದೆ. ಮುಂದಿನ ಮೆಟ್ಟಿಲಿನಲ್ಲಿ ಏಣಿಯೇ ಜಾರುತ್ತದೆ. ಒಂಬೈನೂರಕ್ಕೆ ತಮಿಳಿನ ಹೆಸರು ತೊಳ್ಳಾಯಿರಂ. ಆಯಿರಂ ಎಂದರೆ ಸಾವಿರ. ತೊಂಬತ್ತಕ್ಕೆ ಅಲ್ಲಿ ತೊಣ್ಣೂರು. ಅದರ ಬಾಲದಲ್ಲಿ ನೂರು ಕೇಳಿಸುತ್ತದೆ. ಎಣ್ಣೂರು ಎಂಟುನೂರಾದರೆ ತೊಣ್ಣೂರು ಒಂಬೈನೂರೇ ಆಗಬೇಕಲ್ಲವೇ ಎಂದು ಮಗು ತರ್ಕಿಸಿದರೆ ಆ ತರ್ಕದಲ್ಲಿ ದೋಷವಿಲ್ಲ. ದೋಷ ಇರುವುದು ಉತ್ತರದಲ್ಲಿ ಮಾತ್ರ.

ಇದು ವ್ಯಾಕರಣಜ್ಞರಿಗೆ ಹೊಸ ಸಂಗತಿಯಲ್ಲ. ಈ ರೂಪಗಳ ಸಾಧನೆಗೆ ತೊಲ್ಕಾಪ್ಪಿಯಂ ಪ್ರತ್ಯೇಕ ಸೂತ್ರಗಳನ್ನೇ ರಚಿಸಬೇಕಾಯಿತು. 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು ಪ್ರಕಟಿಸಿದ ಕಾಲ್ಡ್‌ವೆಲ್ ಕೂಡ ಒಂಬತ್ತರ ಈ ವಿಚಿತ್ರವನ್ನು ಚರ್ಚಿಸಿದ. ಕನ್ನಡದ ಒಂಬತ್ತಿನೊಳಗೂ ಒಂದು ಹತ್ತು ಅಡಗಿದೆ ನಿಜ. ಆದರೆ ತೊಂಬತ್ತು ಹತ್ತುಗಳ ಸಾಲಿನಲ್ಲಿ, ಒಂಬೈನೂರು ನೂರುಗಳ ಸಾಲಿನಲ್ಲಿ ಉಳಿದುಕೊಂಡವು. ತೆಲುಗೂ ಹಾಗೆಯೇ. ಆದ್ದರಿಂದ ಹೊಸೂರು, ತಳಿ, ಡೆಂಕಣಿಕೋಟೆ, ಅಂಚೆಟ್ಟಿಗಳ ಕನ್ನಡ ಮನೆಯ ಮಗುವೂ ತೆಲುಗು ಮನೆಯ ಮಗುವೂ ತೊಳ್ಳಾಯಿರದ ಎದುರು ಒಂದೇ ಸ್ಥಿತಿಯಲ್ಲಿ ನಿಲ್ಲುತ್ತವೆ. ವ್ಯಾಕರಣದ ಈ ಕುತೂಹಲ ಶಾಲೆಯ ದಾಖಲೆಯಲ್ಲಿ ಮಗುವಿನ 'ಮಟ್ಟ'ವಾಗಿ ಮಾರ್ಪಡುವ ಬಗೆ ಮಾತ್ರ ಹೊಸದು.

ತಮಿಳುನಾಡು ಸರ್ಕಾರ 2022ರಲ್ಲಿ ಆರಂಭಿಸಿದ 'ಎಣ್ಣುಂ ಎಳುತ್ತುಂ' ಯೋಜನೆ ಮೊದಲು 1ರಿಂದ 3ನೆಯ ತರಗತಿಗಳಿಗೆ, ಅನಂತರ 4 ಮತ್ತು 5ಕ್ಕೆ ವಿಸ್ತರಿಸಿತು. ಸಂಖ್ಯೆಯನ್ನೂ ಅಕ್ಷರವನ್ನೂ ಕಣ್ಣಿಗೆ ಹೋಲಿಸಿದ ಅವ್ವೈಯಾರರ ನೀತಿವಾಕ್ಯವನ್ನು ಅದರ ಹೆಸರು ನೆನಪಿಸುತ್ತದೆ. ತರಗತಿ ಒಂದೇ ಆದರೂ ಮಕ್ಕಳನ್ನು ಕಲಿಕೆಗೆ ತಕ್ಕಂತೆ ಅರುಂಬು, ಮೊಟ್ಟು, ಮಲರ್ ಎಂಬ ಮೂರು ಹಂತಗಳಲ್ಲಿ ಕಾಣುವುದು ಅದರ ಕ್ರಮ. ಎಳೆಮೊಗ್ಗು, ಮೊಗ್ಗು, ಹೂವು ಎಂಬ ರೂಪಕ ಸುಂದರವಾಗಿದೆ. (ಕನ್ನಡದ ಕಿವಿಗೆ ಮೊಟ್ಟು ಮೊಟ್ಟೆಗೇ ಹತ್ತಿರವೆನಿಸುವುದು ಬೇರೆ ಮಾತು.) ಆದರೆ ಈ ರೂಪಕದಲ್ಲಿ ಒಂದು ಪೂರ್ವಗ್ರಹಿಕೆ ಇದೆ: ಗಿಡ ಒಂದೇ, ಅರಳುವ ಹೊತ್ತು ಮಾತ್ರ ಬೇರೆ. ಎರಡು ಮಣ್ಣಿನಲ್ಲಿ ಬೇರೂರಿದ ಗಿಡಕ್ಕೆ ಅಲ್ಲಿ ಹೆಸರಿಲ್ಲ.

ಮಟ್ಟಕ್ಕೆ ತಕ್ಕಂತೆ ಪ್ರಶ್ನೆ ಬದಲಿಸುವ ವಿಧಾನಕ್ಕೆ ಗಣಕಯಂತ್ರವೇ ಬೇಕೆಂದಿಲ್ಲ. 2005ರಿಂದ ಪ್ರಥಮ್ ಸಂಸ್ಥೆ ನಡೆಸುತ್ತಿರುವ 'ಅಸರ್' ಸಮೀಕ್ಷೆಯ ಒಂದು ಹಾಳೆ ಅದನ್ನೇ ಮಾಡುತ್ತದೆ. ಒಂದನೆಯ ತರಗತಿಯ ಮಟ್ಟದ ಸಣ್ಣ ವಾಕ್ಯವೃಂದವನ್ನು ಓದಿದ ಮಗುವಿಗೆ ಎರಡನೆಯ ತರಗತಿಯ ಕಥೆ; ಓದದ ಮಗುವಿಗೆ ಬಿಡಿಪದಗಳು, ಅಲ್ಲಿಯೂ ಸೋತರೆ ಬಿಡಿ ಅಕ್ಷರಗಳು. ಗಣಿತ ಕಳೆಯುವ ಲೆಕ್ಕದಿಂದ ಆರಂಭವಾಗಿ, ಗೆದ್ದವರನ್ನು ಭಾಗಾಕಾರಕ್ಕೂ ಸೋತವರನ್ನು ಅಂಕಿ ಗುರುತಿಸುವುದಕ್ಕೂ ಕಳಿಸುತ್ತದೆ. ಅಮೆರಿಕದ ಶಾಲೆಗಳಲ್ಲಿ ಕನ್ನಡ ಕುಟುಂಬಗಳ ಮಕ್ಕಳೂ ಎದುರಿಸುವ 'ಮ್ಯಾಪ್ ಗ್ರೋತ್' ಪರೀಕ್ಷೆ ಇದೇ ತರ್ಕವನ್ನು ಪ್ರತಿ ಪ್ರಶ್ನೆಯ ಮಟ್ಟಕ್ಕೆ ಇಳಿಸಿದೆ. ಸರಿಯುತ್ತರ ಬಂದರೆ ಮುಂದಿನದು ಕಷ್ಟ, ತಪ್ಪಿದರೆ ಸುಲಭ. ಹಾಗಾಗಿ ಜಾಣ ಮಗುವೂ ಸುಮಾರು ಅರ್ಧದಷ್ಟು ಪ್ರಶ್ನೆಗಳಲ್ಲಿ ತಪ್ಪುತ್ತದೆ. ನೂರಕ್ಕೆ ನೂರು ಎಂಬ ಮಾತಿನಲ್ಲೇ ಬೆಳೆದ ಮನೆಗಳಿಗೆ ಈ ಒಂದು ಸಂಗತಿಯನ್ನು ಮೊದಲೇ ತಿಳಿಸಿದರೆ ಮಗುವಿನ ಅರ್ಧ ಭಯ ಕಳೆಯುತ್ತದೆ.

ಇಂತಹ ಅಳತೆಯ ಹಿಂದಿರುವ ಗಣಿತಕ್ಕೆ ಡೆನ್ಮಾರ್ಕಿನ ಗಿಯೋರ್ಗ್ ರಾಶ್ 1960ರಲ್ಲಿ ಪ್ರಕಟಿಸಿದ ಗ್ರಂಥ ಒಂದು ಮುಖ್ಯ ಆಧಾರ. ಆತನ ಚಿಂತನೆ ಶಾಲಾಮಕ್ಕಳ ಓದಿನ ಪರೀಕ್ಷೆಗಳಿಂದಲೇ ಬೆಳೆಯಿತು ಎಂಬುದು ಗಮನಾರ್ಹ. ಇಬ್ಬರು ಮಕ್ಕಳ ಹೋಲಿಕೆ ಯಾವ ಪ್ರಶ್ನೆಗಳನ್ನು ಕೇಳಲಾಯಿತು ಎಂಬುದರ ಮೇಲೆ ನಿಲ್ಲಬಾರದು ಎಂಬುದು ರಾಶ್‌ನ ಆದರ್ಶ. ಅದಕ್ಕೊಂದು ಷರತ್ತಿದೆ: ಪ್ರಶ್ನೆಯ ಕಾಠಿಣ್ಯ ಎಲ್ಲ ಗುಂಪುಗಳಿಗೂ ಒಂದೇ ಆಗಿರಬೇಕು. ತೊಳ್ಳಾಯಿರದಿಂದ ಇರುನೂರೈವತ್ತನ್ನು ಕಳೆಯಿರಿ ಎಂದು ಬಾಯಲ್ಲಿ ಕೇಳುವ ಪ್ರಶ್ನೆ ಧರ್ಮಪುರಿಯ ತಮಿಳು ಮಗುವಿಗೆ ಕಳೆಯುವ ಲೆಕ್ಕ. ತಳಿಯ ಕನ್ನಡ ಮಗುವಿಗೆ ಮೊದಲು ಅನುವಾದ, ಆಮೇಲೆ ಲೆಕ್ಕ. ಇಂತಹ ಪ್ರಶ್ನೆಗಳನ್ನು ಪತ್ತೆಹಚ್ಚಿ ತೆಗೆಯುವ ವಿಧಾನಗಳು ಮಾಪನಶಾಸ್ತ್ರದಲ್ಲಿ ಇವೆ. ಆದರೆ ಪತ್ತೆಹಚ್ಚಬೇಕಾದರೆ ಗುಂಪುಗಳನ್ನು ಬೇರ್ಪಡಿಸಿ ನೋಡಬೇಕು. ಮಗುವಿನ ಮನೆಮಾತು ಯಾವುದು ಎಂದು ಯಾರಾದರೂ ಕೇಳಿರಬೇಕು.

ಕೇಳದೆ ಹೋದಾಗ ಆಗುವ ಹಾನಿ ಒಂದು ಅಂಕದಲ್ಲಿ ಮುಗಿಯುವುದಿಲ್ಲ. ಹಳೆಯ ಏಕರೂಪದ ಪರೀಕ್ಷೆಯಲ್ಲಿ ಮೂರನೆಯ ಪ್ರಶ್ನೆಯಲ್ಲಿ ತಪ್ಪಿದ ಮಗುವಿಗೆ ನಾಲ್ಕನೆಯದು ಅಷ್ಟೇ ಕಷ್ಟದ ಪ್ರಶ್ನೆಯಾಗಿ ಕಾದಿರುತ್ತಿತ್ತು. ಉತ್ತರಕ್ಕೆ ಹೊಂದಿಕೊಳ್ಳುವ ಪರೀಕ್ಷೆ ಮೊದಲ ಕೆಲವು ತಪ್ಪುಗಳನ್ನು ನಂಬಿ ಮಗುವನ್ನು ಕೆಳಕ್ಕೆ ಕರೆದೊಯ್ಯುತ್ತದೆ. ಪರೀಕ್ಷೆ ಚಿಕ್ಕದಾಗಿದ್ದರೆ ಮೇಲೇರಿ ಬರಲು ಸಮಯವಿರುವುದಿಲ್ಲ. ಅನಂತರದ ಪಾಠ, ಅಭ್ಯಾಸಪುಸ್ತಕ, ಗುಂಪು ಎಲ್ಲವೂ ಆ ಕೆಳಮಟ್ಟದಿಂದಲೇ ನಿರ್ಧಾರವಾಗುತ್ತವೆ. ಪದವೊಂದು ತಿಳಿಯದ ಮಗುವಿಗೆ ತಿಂಗಳುಗಟ್ಟಲೆ ಅದಾಗಲೇ ತಿಳಿದ ಲೆಕ್ಕವನ್ನೇ ಕಲಿಸಲಾಗುತ್ತದೆ.

ಓದಿನಲ್ಲಿ ಅಪಾಯ ಎರಡು ದಿಕ್ಕಿನದು. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಮದರಾಸು ಸರ್ಕಾರಕ್ಕೆ ಕಳಿಸಿದ ವರದಿ, ಆಡುಮಾತಿಗೆ ದೂರವಾದ ಕಾವ್ಯಭಾಷೆಯನ್ನು ಅಲ್ಲಿನ ಮಕ್ಕಳು ಅರ್ಥವರಿಯದೆ ಓದಬಲ್ಲರು ಎಂದು ದಾಖಲಿಸಿತ್ತು. ಅಂದು ಹೊಸೂರೂ ಬಳ್ಳಾರಿಯೂ ಒಂದೇ ಮದರಾಸು ಆಡಳಿತಕ್ಕೆ ಸೇರಿದ್ದವು. ಇಂದು ತಮಿಳು ಲಿಪಿ ಕಲಿತ ಕನ್ನಡ ಮಗುವೂ ಅರ್ಥವಾಗದ ವಾಕ್ಯವನ್ನು ಸರಾಗವಾಗಿ ಓದಿಬಿಡಬಹುದು. ನಿಮಿಷಕ್ಕೆ ಎಷ್ಟು ಪದ ಎಂದು ಎಣಿಸುವ ಅಳತೆಗೆ ಅದು ಯಶಸ್ಸಾಗಿಯೇ ಕಾಣುತ್ತದೆ. ಇನ್ನೊಂದು ದಿಕ್ಕಿನಲ್ಲಿ, ತಮಿಳಿನ ಒಂದೇ ಅಕ್ಷರ ಸ್ಥಾನಕ್ಕೆ ತಕ್ಕಂತೆ ಕಕಾರವೂ ಗಕಾರವೂ ಆಗುವುದರಿಂದ, ಕನ್ನಡದ ಪ್ರತ್ಯೇಕ ಅಕ್ಷರಗಳಿಗೆ ಒಗ್ಗಿದ ಮಗು ಅರ್ಥ ತಿಳಿದಿದ್ದೂ ತಡವರಿಸುತ್ತದೆ. ಕನ್ನಡದ ಆರಂಭಿಕ ಓದನ್ನು ಕುರಿತು ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ, ನಮ್ಮ ಅಕ್ಷರಮಾಲೆ ಕೈವಶವಾಗಲು ಪ್ರಾಥಮಿಕ ಶಾಲೆಯ ಹಲವು ವರ್ಷಗಳೇ ಬೇಕು ಎಂಬುದನ್ನು ತೋರಿಸಿತು. ಎರಡು ಲಿಪಿಗಳನ್ನು ಒಟ್ಟಿಗೆ ಕಲಿಯುವ ಗಡಿಯ ಮಗುವಿಗೆ ಗಡಿಯಾರದ ಲೆಕ್ಕ ಇನ್ನಷ್ಟು ಎಚ್ಚರದಿಂದ ಅನ್ವಯಿಸಬೇಕು. 2022ರಲ್ಲಿ ಎನ್‌ಸಿಇಆರ್‌ಟಿ 20 ಭಾಷೆಗಳಲ್ಲಿ ನಡೆಸಿದ ಮೂರನೆಯ ತರಗತಿಯ ಅಧ್ಯಯನ ಓದಿನ ವೇಗದ ಮಾನದಂಡವನ್ನು ಭಾಷೆ ಭಾಷೆಗೆ ಬೇರೆಯಾಗಿಯೇ ನಿಗದಿಪಡಿಸಿತು. 'ಮನೆಯೊಳಗಿನಿಂದಲೇ' ಎಂಬುದು ಒಂದು ಪದವಾಗುವ ಭಾಷೆಯಲ್ಲಿ ಇದು ನ್ಯಾಯವೇ. ಆ ನ್ಯಾಯ ಭಾಷೆಗೆ ದೊರೆಯಿತು, ಎರಡು ಭಾಷೆಗಳ ನಡುವಿನ ಓದುಗನಿಗೆ ಇನ್ನೂ ದೊರೆಯಬೇಕಿದೆ.

ಇಷ್ಟರಿಂದ ಮಟ್ಟದ ಪರೀಕ್ಷೆಗಳೇ ಬೇಡವೆಂಬ ತೀರ್ಮಾನಕ್ಕೆ ಬರುವುದು ಅವಸರವಾದೀತು. ಸಂವಿಧಾನದ 350ಎ ವಿಧಿ 1956ರಿಂದಲೂ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣದ ಸೌಲಭ್ಯವನ್ನು ಹೇಳುತ್ತಿದೆ. 2006ರ ತಮಿಳು ಕಲಿಕಾ ಕಾಯ್ದೆ ಹಂತಹಂತವಾಗಿ ಹತ್ತನೆಯ ತರಗತಿಯವರೆಗೆ ತಮಿಳನ್ನು ಕಡ್ಡಾಯಗೊಳಿಸಿತು. ಇವೆರಡರ ನಡುವಿನ ವಾದ ನ್ಯಾಯಾಲಯಗಳಲ್ಲಿ ನಡೆಯುವಾಗ ಕಣ್ಣಿಗೆ ಬೀಳುವುದು ಹತ್ತನೆಯ ತರಗತಿಯ ಪರೀಕ್ಷಾರ್ಥಿ. ಎರಡನೆಯ ತರಗತಿಯ ಮಗು ಎಲ್ಲಿ ನಿಂತಿದೆ ಎಂದು ಒಬ್ಬೊಬ್ಬರನ್ನೇ ನೋಡುವ ಅಭ್ಯಾಸ ತಂದದ್ದು ಈ ಮಟ್ಟದ ಅಳತೆಗಳೇ. ಹಿಂದಿನ ಏಕರೂಪದ ಪಾಠದಲ್ಲಿ ಆ ಮಗು ಹಿಂದಿನ ಸಾಲಿನಲ್ಲಿ ಕಾಣದೆ ಕುಳಿತಿರುತ್ತಿತ್ತು.

ಆದ್ದರಿಂದ ಸಿದ್ಧತೆಯ ಪ್ರಶ್ನೆ ಬರುತ್ತದೆ. ಸಿದ್ಧತೆ ಎಂದರೆ ಮಾದರಿ ಪ್ರಶ್ನೆಗಳ ರಾಶಿ ಎಂದು ಸಂಜೆಯ ಟ್ಯೂಷನ್ನುಗಳು ತಿಳಿದಿವೆ. ಉತ್ತರಕ್ಕೆ ತಕ್ಕಂತೆ ಬದಲಾಗುವ ಪರೀಕ್ಷೆಯ ಎದುರು ಅದರಿಂದ ಪ್ರಯೋಜನ ಕಡಿಮೆ. ಗಡಿಯಲ್ಲಂತೂ ಅದು ರೋಗವಿಲ್ಲದ ಕಡೆ ಮದ್ದು ಹಚ್ಚಿದಂತೆ. ಅಲ್ಲಿ ಬೇಕಾದದ್ದು ದಾಟುವ ದಾರಿ. ಹಳಗನ್ನಡದ ಪಕಾರ ಹಕಾರವಾದ ಕಥೆ ವಿಶ್ವವಿದ್ಯಾನಿಲಯಗಳ ತರಗತಿಗೇ ಮೀಸಲಾಗಬೇಕಿಲ್ಲ. ಪಾಲ್ ಹಾಲು, ಪುಲಿ ಹುಲಿ, ಪಲ್ ಹಲ್ಲು, ಪತ್ತು ಹತ್ತು ಎಂದು ಎರಡನೆಯ ತರಗತಿಯ ಮಗು ಆಟವಾಗಿ ಆಡಬಲ್ಲದು. ವೇರ್ ಬೇರು, ವಿಲ್ ಬಿಲ್ಲು, ವೇಲಿ ಬೇಲಿ ಎಂದು ಇನ್ನೊಂದು ಆಟ. ಗಣಿತದ ಮಾತಿನಲ್ಲಿ ಕೂಟ್ಟಲ್, ಕಳಿತ್ತಲ್‌ಗಳು ಕೂಡುವುದು, ಕಳೆಯುವುದರ ನೆಂಟರೇ. ಪೆರುಕ್ಕಲ್, ವಗುತ್ತಲ್‌ಗಳಲ್ಲಿ ಆ ನೆಂಟಸ್ತಿಕೆ ಕಿವಿಗೆ ಸಿಗುವುದಿಲ್ಲ; ಏಕೆಂದರೆ ಕನ್ನಡ ಶಾಲೆ ಗುಣಿಸು, ಭಾಗಿಸು ಎಂದು ಸಂಸ್ಕೃತದ ಕಡೆ ತಿರುಗಿದೆ. ಮೊದಲೆರಡು ಪದಗಳನ್ನು ಕಲಿಸಬೇಕಾಗಿಲ್ಲ, ತೋರಿಸಿದರೆ ಸಾಕು, ಉಳಿದೆರಡನ್ನು ಕಲಿಸಲೇಬೇಕು. ತಮಿಳಿನ ಒಂದು ವಾಕ್ಯವೃಂದವನ್ನು ಓದಿಸಿ ಕನ್ನಡದಲ್ಲಿ ಹೇಳು ಎಂದು ಕೇಳಿದರೆ, ಮಗು ಓದಿದ್ದು ಅಕ್ಷರವನ್ನೋ ಅರ್ಥವನ್ನೋ ಎಂಬುದು ಐದು ನಿಮಿಷದಲ್ಲಿ ತಿಳಿಯುತ್ತದೆ. ಆ ಐದು ನಿಮಿಷಕ್ಕೆ ಕನ್ನಡ ಬಲ್ಲ ಒಬ್ಬ ಶಿಕ್ಷಕಿ ಬೇಕು. ಶಾಲೆಯಲ್ಲಿ ಇಲ್ಲದಿದ್ದರೆ ಮನೆಯ ಅಜ್ಜಿಯಾದರೂ ಆದೀತು.

ಲೆಕ್ಕಕ್ಕೂ ಇದೇ ಬಗೆಯ ಪರಿಶೀಲನೆ ಸಾಧ್ಯ. ಒಂದೇ ಲೆಕ್ಕವನ್ನು ಮೂರು ಸಲ ಕೊಡುವುದು: ಹಲಗೆಯ ಮೇಲೆ ಬರೀ ಅಂಕಿಗಳಲ್ಲಿ, ಬಾಯಲ್ಲಿ ಕನ್ನಡದಲ್ಲಿ, ಬಾಯಲ್ಲಿ ತಮಿಳಿನಲ್ಲಿ. ಹಲಗೆಯ ಮೇಲೆ 900ರಿಂದ 250 ಕಳೆದು 650 ಎಂದು ಬರೆದ ಮಗು, ತೊಳ್ಳಾಯಿರ ಎಂಬ ಮಾತು ಕಿವಿಗೆ ಬಿದ್ದೊಡನೆ 9000 ಎಂದು ಬರೆದರೆ, ಅದನ್ನು ಅರುಂಬು ಎಂದು ದಾಖಲಿಸುವ ಮೊದಲು ತೊಣ್ಣೂರು, ತೊಳ್ಳಾಯಿರಂ, ಒನ್ಪದಾಯಿರಂ ಎಂಬ ಮೂರು ಹೆಸರುಗಳನ್ನು ತೊಂಬತ್ತು, ಒಂಬೈನೂರು, ಒಂಬತ್ತು ಸಾವಿರಗಳ ಎದುರು ಬರೆದುಕೊಟ್ಟು ಮರುದಿನ ಮತ್ತೊಮ್ಮೆ ಕೇಳಬೇಕು.