ತುಟಿಯಲ್ಲಿ ಹುಟ್ಟುವ ಮಾತು: ಸಬೀನಾ ಷ್ಪೀಲ್ರೈನ್ ಅವರ ಭಾಷಾಚಿಂತನೆ

1

ಆಳಮನೋವಿಜ್ಞಾನದ ಆರಂಭಕಾಲವನ್ನು ಕುರಿತ ಬರಹಗಳಲ್ಲಿ ಸಬೀನಾ ಷ್ಪೀಲ್ರೈನ್ (1885–1942) ಅವರ ಹೆಸರು ಬಹುಮಟ್ಟಿಗೆ ಎರಡು ಕಾರಣಗಳಿಗಾಗಿ ಬರುತ್ತದೆ. ಕಾರ್ಲ್ ಗುಸ್ತಾವ್ ಯೂಂಗ್ ಅವರ ರೋಗಿಯಾಗಿದ್ದು, ಬಳಿಕ ಅವರೊಡನೆ ಆತ್ಮೀಯ ಸಂಬಂಧ ಬೆಳೆಸಿಕೊಂಡವರು ಎಂಬುದು ಒಂದು. ಫ್ರಾಯ್ಡ್ ಅವರ 'ಮರಣಪ್ರವೃತ್ತಿ'ಯ ಕಲ್ಪನೆಯನ್ನು ಎಂಟು ವರ್ಷ ಮೊದಲೇ ಸೂಚಿಸಿದವರು ಎಂಬುದು ಇನ್ನೊಂದು. ಎರಡು ಕಡೆಯಲ್ಲೂ ಅವರು ಮತ್ತೊಬ್ಬರ ಚರಿತ್ರೆಗೆ ಅಡಿಟಿಪ್ಪಣಿಯಾಗಿಯೇ ಉಳಿಯುತ್ತಾರೆ. ಫ್ರಾಯ್ಡ್ ಅವರ ವಿಷಯದಲ್ಲಂತೂ ಇದು ಅಕ್ಷರಶಃ ನಿಜ. 1920ರಲ್ಲಿ ಪ್ರಕಟವಾದ 'ಸುಖತತ್ತ್ವದ ಆಚೆಗೆ' ಎಂಬ ಗ್ರಂಥದ ಒಂದು ಅಡಿಟಿಪ್ಪಣಿಯಲ್ಲಿ ಅವರು ಷ್ಪೀಲ್ರೈನ್ ಅವರ ಋಣವನ್ನು ಒಪ್ಪಿಕೊಂಡು, ಆ ಲೇಖನ ತಮಗೆ ಪೂರ್ತಿಯಾಗಿ ಸ್ಪಷ್ಟವಾಗಿಲ್ಲವೆಂದು ಸೇರಿಸಿದ್ದಾರೆ.

ಷ್ಪೀಲ್ರೈನ್ ಅವರು ಮರಳಿ ಬೆಳಕಿಗೆ ಬಂದದ್ದು ಕೂಡ ಇದೇ ದಾರಿಯಲ್ಲಿ. 1977ರಲ್ಲಿ ಜಿನೀವಾದ ಪಲೇ ವಿಲ್ಸನ್ ಕಟ್ಟಡದ ನೆಲಮಾಳಿಗೆಯಲ್ಲಿ ಅವರ ದಿನಚರಿಯೂ ಯೂಂಗ್ ಮತ್ತು ಫ್ರಾಯ್ಡ್ ಅವರೊಡನೆ ನಡೆಸಿದ ಪತ್ರವ್ಯವಹಾರವೂ ದೊರೆತವು. 1980ರಲ್ಲಿ ಇಟಲಿಯ ಆಲ್ದೊ ಕರೊತೆನುತೊ ಅವನ್ನು ಸಂಪಾದಿಸಿ ಪ್ರಕಟಿಸಿದರು. ಮುಂದೆ ನಾಟಕ, ಸಾಕ್ಷ್ಯಚಿತ್ರಗಳು ಬಂದವು. 2011ರಲ್ಲಿ ಡೇವಿಡ್ ಕ್ರೋನೆನ್‌ಬರ್ಗ್ ಅವರ ಚಲನಚಿತ್ರ ಬಂದಿತು. ಆ ಚಿತ್ರದ ಕಥೆ ಮೊದಲ ಮಹಾಯುದ್ಧದ ಮುನ್ನ ಮುಗಿಯುತ್ತದೆ. ಅನಂತರದ ಬದುಕು ತೆರೆಯ ಮೇಲಿನ ಕೆಲವು ಸಾಲುಗಳಲ್ಲಿ ಅಡಗಿಹೋಗುತ್ತದೆ. ಆದರೆ ಷ್ಪೀಲ್ರೈನ್ ತಮ್ಮ ಸ್ವಂತ ಪ್ರಶ್ನೆಯನ್ನು ಕಂಡುಕೊಂಡದ್ದು ಆ ಅನಂತರದ ವರ್ಷಗಳಲ್ಲಿಯೇ. ಮಾತು ಹೇಗೆ ಹುಟ್ಟುತ್ತದೆ, ಯಾರಿಗಾಗಿ ಹುಟ್ಟುತ್ತದೆ ಎಂಬುದು ಆ ಪ್ರಶ್ನೆ. ಅವರನ್ನು ಭಾಷೆಯ ಚಿಂತಕಿಯಾಗಿ ಓದಿದಾಗ ಮೊದಲಿನ ಬರಹಗಳ ಅರ್ಥವೂ ಬೇರೆಯಾಗಿ ತೋರುತ್ತದೆ ಎಂಬುದು ಈ ಲೇಖನದ ಪ್ರತಿಪಾದನೆ.

2

ಷ್ಪೀಲ್ರೈನ್ ಹುಟ್ಟಿದ್ದು ದಕ್ಷಿಣ ರಷ್ಯದಲ್ಲಿ, ಡಾನ್ ನದಿಯ ದಂಡೆಯ ರಾಸ್ತೋವ್ ನಗರದಲ್ಲಿ. ಮನೆತನ ಯಹೂದಿ, ತಂದೆ ಅನುಕೂಲಸ್ಥ ವ್ಯಾಪಾರಿ. ಮಕ್ಕಳು ಬಹುಭಾಷಾ ಪಂಡಿತರಾಗಬೇಕೆಂಬ ಹಂಬಲದಿಂದ, ಗೊತ್ತಾದ ದಿನ ಮನೆಯಲ್ಲಿ ಗೊತ್ತಾದ ಭಾಷೆಯನ್ನೇ ಆಡಬೇಕೆಂಬ ಕಟ್ಟಳೆಯನ್ನು ತಂದೆ ವಿಧಿಸಿದ್ದರು. ಅದೇ ಮನೆಯಲ್ಲಿ ಹೊಡೆತವೂ ಇತ್ತು. 1901ರಲ್ಲಿ ಆರು ವರ್ಷದ ತಂಗಿ ವಿಷಮಶೀತ ಜ್ವರದಿಂದ ತೀರಿಕೊಂಡ ಬಳಿಕ ಸಬೀನಾ ಅವರ ಮನಃಸ್ಥಿತಿ ಕೆಡುತ್ತ ಹೋಯಿತು. 1904ರ ಆಗಸ್ಟ್ 17ರಂದು ಅವರನ್ನು ಜೂರಿಕ್‌ನ ಬುರ್ಗ್‌ಹೋಲ್ಟ್ಸ್‌ಲಿ ಮನೋರೋಗಾಸ್ಪತ್ರೆಗೆ ಸೇರಿಸಲಾಯಿತು. ಆಗ ಅವರಿಗೆ ಹದಿನೆಂಟು ವರ್ಷ. ಆಯ್ಗನ್ ಬ್ಲಾಯ್ಲರ್ ಅಲ್ಲಿನ ನಿರ್ದೇಶಕರು, ಯೂಂಗ್ ಅಲ್ಲಿನ ಕಿರಿಯ ವೈದ್ಯರು.

ಆ ದಿನಗಳಲ್ಲಿ ಯೂಂಗ್ ಪದಸಾಹಚರ್ಯದ ಪ್ರಯೋಗಗಳಲ್ಲಿ ತೊಡಗಿದ್ದರು. ಒಂದು ಪದವನ್ನು ಹೇಳಿ, ಕೇಳಿದವರಿಗೆ ಒಡನೆ ಹೊಳೆಯುವ ಮತ್ತೊಂದು ಪದವನ್ನು ಗುರುತುಹಾಕಿಕೊಳ್ಳುವುದು, ಉತ್ತರಕ್ಕೆ ತಗಲಿದ ಕಾಲವನ್ನು ಅಳೆಯುವುದು ಅದರ ಕ್ರಮ. ಎಲ್ಲಿ ನಾಲಗೆ ತಡವರಿಸುತ್ತದೆಯೋ ಅಲ್ಲಿ ಮನಸ್ಸಿನ ಗಂಟು ಇದೆಯೆಂದು ತಿಳಿಯುವುದು ಅದರ ತರ್ಕ. ಷ್ಪೀಲ್ರೈನ್ ಆಸ್ಪತ್ರೆಯಲ್ಲಿದ್ದಾಗಲೇ ಈ ಪ್ರಯೋಗಗಳಿಗೆ ನೆರವಾದರು. ಹತ್ತು ತಿಂಗಳೊಳಗೆ ಬಿಡುಗಡೆ ಹೊಂದಿ, 1905ರಲ್ಲಿಯೇ ಜೂರಿಕ್ ವಿಶ್ವವಿದ್ಯಾನಿಲಯದಲ್ಲಿ ವೈದ್ಯಕೀಯ ವ್ಯಾಸಂಗಕ್ಕೆ ಸೇರಿದರು. ಒಂದು ಸ್ಕಿಜೋಫ್ರೇನಿಯಾ ಪ್ರಕರಣವನ್ನು ಕುರಿತ ಅವರ ಪದವಿಪ್ರಬಂಧ 1911ರಲ್ಲಿ ಪ್ರಕಟವಾಯಿತು. ರೋಗಿಯ ಅಸಂಬದ್ಧವೆನಿಸುವ ಮಾತಿಗೂ ಅರ್ಥವ್ಯವಸ್ಥೆಯೊಂದಿದೆ ಎಂಬ ನಂಬಿಕೆಯಿಂದ ಅವರು ಆ ಮಾತುಗಳನ್ನು ಒಂದೊಂದಾಗಿ ಬಿಡಿಸುತ್ತ ಹೋದರು. ಹೀಗೆ ಭಾಷೆ ಅವರಿಗೆ ಮೊದಲು ಮನೆಯ ಕಟ್ಟಳೆಯಾಗಿ, ಬಳಿಕ ರೋಗಪರೀಕ್ಷೆಯ ಸಾಧನವಾಗಿ, ಕೊನೆಗೆ ಅಭ್ಯಾಸದ ವಿಷಯವಾಗಿ ಎದುರಾಯಿತು.

3

1912ರಲ್ಲಿ ಪ್ರಕಟವಾದ 'ಆಗುವಿಕೆಗೆ ಕಾರಣವಾಗಿ ವಿನಾಶ' ಎಂಬ ಪ್ರಬಂಧ ಅವರ ಹೆಸರನ್ನು ಉಳಿಸಿದ ಕೃತಿ. ಇದರ ಒಂದು ಭಾಗವನ್ನು ಅವರು ಹಿಂದಿನ ವರ್ಷ ವಿಯೆನ್ನಾದ ಮನೋವಿಶ್ಲೇಷಣ ಸಂಘದಲ್ಲಿ ಓದಿದ್ದರು. ಪ್ರಬಂಧದ ಮೂಲಪ್ರಶ್ನೆ ಸರಳವಾದುದು: ಸೃಷ್ಟಿಯ ಬಯಕೆಯೊಳಗೆ ಭಯವೂ ಜುಗುಪ್ಸೆಯೂ ಏಕೆ ಬೆರೆತಿರುತ್ತವೆ? ಹೊಸತೊಂದು ಹುಟ್ಟಬೇಕಾದರೆ ಹಳೆಯದು ಕರಗಬೇಕು. ಜೀವಕೋಶಗಳು ಕೂಡಿದಾಗ ಎರಡೂ ತಮ್ಮ ಪ್ರತ್ಯೇಕತೆಯನ್ನು ಕಳೆದುಕೊಳ್ಳುತ್ತವೆ. ಮನಸ್ಸಿನಲ್ಲಿಯೂ 'ನಾನು' ಎಂಬುದು ಕರಗಿ 'ನಾವು' ಆಗುವ ಒತ್ತಡವಿದೆ. ಇದು ಅವರ ಉತ್ತರ. ವ್ಯಕ್ತಿಯ ಮನಸ್ಸು ಇದ್ದಂತೆಯೇ ಉಳಿಯಬಯಸುತ್ತದೆ, ಕುಲದ ಮನಸ್ಸು ಅದನ್ನು ತನ್ನಲ್ಲಿ ಲೀನಗೊಳಿಸಬಯಸುತ್ತದೆ ಎಂಬ ದ್ವಂದ್ವ ಇದರ ತಿರುಳು.

ಫ್ರಾಯ್ಡ್ ಅವರ ಕಲ್ಪನೆಗೆ ಇದನ್ನು ಪೂರ್ವಪೀಠಿಕೆಯೆಂದು ಕರೆಯುವುದು ರೂಢಿ. ಆದರೆ ವ್ಯತ್ಯಾಸ ಸಣ್ಣದಲ್ಲ. ಫ್ರಾಯ್ಡ್ ಅವರಲ್ಲಿ ಮರಣಪ್ರವೃತ್ತಿಯು ಜೀವನಪ್ರವೃತ್ತಿಗೆ ಎದುರಾಗಿ ನಿಂತಿದೆ. ಜೀವವು ನಿರ್ಜೀವ ಸ್ಥಿತಿಗೆ ಮರಳಲೆಳಸುತ್ತದೆ. ಷ್ಪೀಲ್ರೈನ್ ಅವರಲ್ಲಿ ವಿನಾಶವು ಸೃಷ್ಟಿಯ ಒಳಗಿನ ಒಂದು ಹೆಜ್ಜೆ. ಅದಕ್ಕೆ ಬೇರೆ ಗುರಿಯಿಲ್ಲ. ಈ ಪ್ರಬಂಧವನ್ನು ಮರಣದ ಚರ್ಚೆಯಾಗಿ ಮಾತ್ರ ಓದುವವರು ಅದರೊಳಗಿನ ಇನ್ನೊಂದು ವಿಚಾರವನ್ನು ದಾಟಿಹೋಗುತ್ತಾರೆ. ಪದವೆಂಬುದು ವ್ಯಕ್ತಿಯ ಖಾಸಗಿ ಅನುಭವವನ್ನು ಎಲ್ಲರಿಗೂ ತಿಳಿಯುವ ರೂಪಕ್ಕೆ ಮಾರ್ಪಡಿಸುವ ಸಂಕೇತ ಎಂದು ಅವರು ಅಲ್ಲಿಯೇ ಸೂಚಿಸಿದ್ದಾರೆ. ನನ್ನ ನೋವನ್ನು ನಾನು ಮಾತಾಗಿಸಿದ ಕೂಡಲೇ ಅದು ನನ್ನದು ಮಾತ್ರವಾಗಿ ಉಳಿಯುವುದಿಲ್ಲ. ಏನೋ ಒಂದು ಕಳೆದುಹೋಗುತ್ತದೆ, ಆ ಕಳೆತದಿಂದಲೇ ಅದು ಇನ್ನೊಬ್ಬರನ್ನು ಮುಟ್ಟುತ್ತದೆ. 'ನಾನು' ಕರಗಿ 'ನಾವು' ಆಗುವ ನಿತ್ಯದ ನಿದರ್ಶನ ಮಾತು. ಹತ್ತು ವರ್ಷಗಳ ಅನಂತರದ ಭಾಷಾಚಿಂತನೆಯ ಬೀಜ ಇಲ್ಲಿದೆ.

4

ಆ ಹತ್ತು ವರ್ಷಗಳಲ್ಲಿ ಅವರ ಬದುಕು ನೆಲೆತಪ್ಪಿತು. 1912ರಲ್ಲಿ ವೈದ್ಯ ಪಾವೆಲ್ ಷೆಫ್ಟೆಲ್ ಅವರೊಡನೆ ಮದುವೆ, 1913ರಲ್ಲಿ ಬರ್ಲಿನ್‌ನಲ್ಲಿ ಮಗಳು ರೆನಾಟಾಳ ಜನನ. ಯುದ್ಧ ಆರಂಭವಾದಾಗ ರಷ್ಯನ್ ಪ್ರಜೆಗಳಾದ ಅವರು ಜರ್ಮನಿ ಬಿಡಬೇಕಾಯಿತು. ಗಂಡ ರಷ್ಯಕ್ಕೆ ಮರಳಿದರು. ತಾಯಿ-ಮಗಳು ಸ್ವಿಟ್ಜರ್ಲೆಂಡಿನಲ್ಲಿ ಉಳಿದರು. ಮಗುವೊಂದು ಮಾತು ಕಲಿಯುವುದನ್ನು ತಾಯಿಯೂ ವೈದ್ಯೆಯೂ ಆಗಿ ಗಮನಿಸುವ ಅವಕಾಶ ಆ ಕಷ್ಟಕಾಲದಲ್ಲಿಯೇ ಒದಗಿತು.

1920ರಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ಮನೋವಿಶ್ಲೇಷಣ ಸಮ್ಮೇಳನದಲ್ಲಿ ಮಾತಿನ ಹುಟ್ಟು ಮತ್ತು ಬೆಳವಣಿಗೆಯನ್ನು ಕುರಿತು ಅವರು ಉಪನ್ಯಾಸ ನೀಡಿದರು. 1922ರಲ್ಲಿ 'ಪಾಪಾ, ಮಾಮಾ ಎಂಬ ಶಿಶುಪದಗಳ ಹುಟ್ಟು' ಎಂಬ ಲೇಖನ 'ಇಮಾಗೊ' ಪತ್ರಿಕೆಯಲ್ಲಿ ಪ್ರಕಟವಾಯಿತು. ಮೊಲೆಯುಣ್ಣುವಾಗ ತುಟಿಗಳು ಮಾಡುವ ಚಲನೆಯಿಂದಲೇ 'ಮ'ಕಾರದ ಧ್ವನಿ ಮೂಡುತ್ತದೆ. ಹಸಿದ ಮಗು ಅದೇ ಚಲನೆಯನ್ನು ಪುನರಾವರ್ತಿಸಿದಾಗ ಉಣ್ಣುವ ಸುಖದ ನೆರಳು ಅದಕ್ಕೆ ದೊರೆಯುತ್ತದೆ. ಹೊಟ್ಟೆ ತುಂಬಿದ ಮಗು ತುಟಿಗಳೊಡನೆ ಆಡುವ ಆಟದಿಂದ 'ಪ'ಕಾರ ಹುಟ್ಟುತ್ತದೆ. ಈ ವೀಕ್ಷಣೆಯಿಂದ ಅವರು ಮೂರು ಹಂತಗಳನ್ನು ಗುರುತಿಸಿದರು. ಮೊದಲನೆಯದು ಸ್ವಮಗ್ನ ಹಂತ. ಧ್ವನಿ ತನಗಾಗಿಯೇ ಇದೆ, ಅದೇ ಸುಖ. ಎರಡನೆಯದು ಮಾಂತ್ರಿಕ ಹಂತ. ಧ್ವನಿ ಮಾಡಿದಾಗ ತಾಯಿ ಬರುತ್ತಾಳೆ, ಆದುದರಿಂದ ಧ್ವನಿಯೇ ತಾಯಿಯನ್ನು ತರಿಸುತ್ತದೆ. ಮೂರನೆಯದು ಸಾಮಾಜಿಕ ಹಂತ. ಕೇಳುವವರು ತನ್ನಿಂದ ಬೇರೆಯಾದವರೆಂದು ತಿಳಿದ ಮಗು ಅವರನ್ನು ಕರೆಯುತ್ತದೆ.

ಜಿನೀವಾದ ರೂಸೋ ಸಂಸ್ಥೆಯಲ್ಲಿ ಅವರು ಕೆಲಸ ಮಾಡುತ್ತಿದ್ದಾಗ ತರುಣ ಜ್ಯಾಂ ಪಿಯಾಜೆ ಅವರಲ್ಲಿ ಕೆಲವು ತಿಂಗಳು ಮನೋವಿಶ್ಲೇಷಣೆಗೆ ಒಳಗಾದರು. ಪಿಯಾಜೆ ಅವರ 'ಮಗುವಿನ ಭಾಷೆ ಮತ್ತು ಚಿಂತನೆ' 1923ರಲ್ಲಿ ಹೊರಬಂದಿತು. ಷ್ಪೀಲ್ರೈನ್ ಮಗುವಿನ, ಮಾತು ಕಳೆದುಕೊಂಡ ರೋಗಿಯ ಮತ್ತು ಸುಪ್ತಮನಸ್ಸಿನ ಚಿಂತನಕ್ರಮಗಳನ್ನು ಹೋಲಿಸಿದ ಫ್ರೆಂಚ್ ಲೇಖನವೂ ಅದೇ ವರ್ಷದ್ದು.

5

ಈ ಸಿದ್ಧಾಂತವನ್ನು ಗಡಿನಾಡಿನ ಮನೆಮಾತುಗಳ ಮುಂದಿಟ್ಟು ನೋಡುವುದು ಉಪಯುಕ್ತ. ಅದರ ಬಲವೂ ದೌರ್ಬಲ್ಯವೂ ಇಲ್ಲಿ ಒಟ್ಟಿಗೆ ಕಾಣುತ್ತವೆ. ಕನ್ನಡದ 'ಅಮ್ಮ-ಅಪ್ಪ' ಷ್ಪೀಲ್ರೈನ್ ಅವರಿಗೆ ಸಂತೋಷ ಕೊಡುವ ಜೋಡಿ. ಮಗುವಿಗೆ ಉಣಿಸುವಾಗ ನಾವು ಹೇಳುವ 'ಮಮ್ಮು' ಇನ್ನೂ ಬಲವಾದ ಸಾಕ್ಷ್ಯ. ಅಲ್ಲಿ ಮಕಾರವು ತಾಯಿಗೂ ಮೊದಲು ಆಹಾರಕ್ಕೆ ಅಂಟಿಕೊಂಡಿದೆ. ಆದರೆ ಕಾಸರಗೋಡಿನ ತುಳು ಮನೆಯ ಹೊಸ್ತಿಲು ದಾಟಿದೊಡನೆ ಲೆಕ್ಕ ತಲೆಕೆಳಗಾಗುತ್ತದೆ. ತುಳುವಿನಲ್ಲಿ 'ಅಪ್ಪೆ' ಎಂದರೆ ತಾಯಿ, 'ಅಮ್ಮೆ' ಎಂದರೆ ತಂದೆ. ಪಕ್ಕದ ಹವ್ಯಕ ಮನೆಯಲ್ಲಿ ತಾಯಿ 'ಅಬ್ಬೆ'. ಸೊಲ್ಲಾಪುರ, ಜತ್ತದ ಕನ್ನಡದಲ್ಲಿ ತಾಯಿ 'ಅವ್ವ', ನೆರೆಯ ಮರಾಠಿಯಲ್ಲಿ 'ಆಯಿ'. ಈ ಕೊನೆಯದರಲ್ಲಿ ತುಟಿಗಳು ಕೂಡುವುದೇ ಇಲ್ಲ. ಆದೋನಿ, ಮಡಕಶಿರಾದ ಕಡೆ ಕನ್ನಡ ಮನೆಯ 'ಅವ್ವ' ತಾಯಿಯಾದರೆ ತೆಲುಗು ಮನೆಯ 'ಅವ್ವ' ಅಜ್ಜಿ. ದೂರದ ಜಾರ್ಜಿಯನ್ ಭಾಷೆಯಲ್ಲಿಯೂ 'ಮಾಮಾ' ಎಂದರೆ ತಂದೆಯೇ.

ಇಷ್ಟರಿಂದ ಸಿದ್ಧಾಂತ ಬಿದ್ದುಹೋಗುತ್ತದೆಯೆ? ಅದರ ಒಂದು ಭಾಗ ಖಂಡಿತವಾಗಿ ಬೀಳುತ್ತದೆ. ಒಂದು ಧ್ವನಿಗೆ ಒಂದು ಅರ್ಥವನ್ನು ಮಗುವಿನ ದೇಹವೇ ಗೊತ್ತುಮಾಡುತ್ತದೆ ಎಂದು ಹೇಳಲಾಗದು. ದೇಹ ಕೊಡುವುದು ಧ್ವನಿಯನ್ನು. ಅದು ತಾಯಿಯೋ ತಂದೆಯೋ ಅನ್ನವೋ ಎಂಬುದನ್ನು ತೀರ್ಮಾನಿಸುವುದು ಕೇಳಿಸಿಕೊಳ್ಳುವ ಮನೆ. ಮಗು ಮೊದಲು ಸ್ವಮಗ್ನ, ಆಮೇಲೆ ಸಾಮಾಜಿಕ ಎಂಬ ಅನುಕ್ರಮವನ್ನು ವೈಗಾಟ್‌ಸ್ಕಿ 1934ರಲ್ಲಿ ಪಿಯಾಜೆ ಅವರ ವಿರುದ್ಧ ಪ್ರಶ್ನಿಸಿದರು. ಮಾತು ಮೊದಲಿನಿಂದಲೇ ಸಾಮಾಜಿಕ, ಒಳಗಿನ ಮಾತು ಆಮೇಲಿನದು ಎಂಬುದು ಅವರ ವಾದ. ಆ ಆಕ್ಷೇಪ ಷ್ಪೀಲ್ರೈನ್ ಅವರಿಗೂ ತಗಲುತ್ತದೆ. ತುಳುವಿನ ಸಾಕ್ಷ್ಯ ಅದನ್ನೇ ಬೆಂಬಲಿಸುತ್ತದೆ. ಆದರೆ ಅವರ ಪರವಾಗಿ ಒಂದು ಮಾತು ಹೇಳಬೇಕು. ತಾಯಂದಿರು ಮಗುವಿನೊಡನೆ ಆಡುವ ತೊದಲುನುಡಿಯು ಅವರೊಳಗೆ ಉಳಿದಿರುವ ಬಾಲ್ಯದಿಂದಲೇ ಬರುತ್ತದೆ ಎಂಬುದನ್ನು ಅವರು ಗಮನಿಸಿದ್ದರು. ಎಂದರೆ ತೊಟ್ಟಿಲಿನ ಬಳಿ ಮಾತಾಡುತ್ತಿರುವವರು ಇಬ್ಬರು ಎಂಬುದು ಅವರಿಗೆ ತಿಳಿಯದ ಸಂಗತಿಯಲ್ಲ. ಅದನ್ನು ಸಿದ್ಧಾಂತದ ತಳಹದಿಯಾಗಿಸಲಿಲ್ಲ ಎಂಬುದೇ ಕೊರತೆ.

6

1923ರಲ್ಲಿ ಅವರು ಮಾಸ್ಕೋಗೆ ಮರಳಿ ಅಲ್ಲಿನ ಮನೋವಿಶ್ಲೇಷಣ ಸಂಸ್ಥೆಯಲ್ಲಿ ಕೆಲಸ ಮಾಡಿದರು. ಬಳಿಕ ರಾಸ್ತೋವ್ ಸೇರಿದರು. 1926ರಲ್ಲಿ ಎರಡನೆಯ ಮಗಳು ಎವಾ ಹುಟ್ಟಿದಳು. ಮುಂದೆ ಸೋವಿಯತ್ ರಷ್ಯದಲ್ಲಿ ಮನೋವಿಶ್ಲೇಷಣೆಗೆ ಎಡೆಯೇ ಇಲ್ಲದಾಯಿತು. ಮಕ್ಕಳು ಕಣ್ಣು ತೆರೆದೂ ಮುಚ್ಚಿಯೂ ಬರೆದ ಚಿತ್ರಗಳನ್ನು ಕುರಿತ ಲೇಖನವೊಂದು 1931ರಲ್ಲಿ 'ಇಮಾಗೊ'ದಲ್ಲಿ ಬಂದಿತು, ಆಮೇಲೆ ಮೌನ. ತಮ್ಮ ಇಸಾಕ್ ಷ್ಪೀಲ್ರೈನ್ ಮನೋವಿಜ್ಞಾನಿಯಾಗಿದ್ದರು. ಪೂರ್ವ ಯೂರೋಪಿನ ಯಹೂದಿಗಳ ಮನೆಮಾತಾದ ಯಿಡ್ಡಿಷ್ ಭಾಷೆಗೆ 1926ರಲ್ಲಿ ಪಠ್ಯವೊಂದನ್ನು ಬರೆದಿದ್ದರು. ಅವರನ್ನು 1935ರಲ್ಲಿ ಬಂಧಿಸಿ 1937ರಲ್ಲಿ ಕೊಲ್ಲಲಾಯಿತು. ಇನ್ನಿಬ್ಬರು ಸೋದರರೂ ಅದೇ ದಮನಕ್ಕೆ ಬಲಿಯಾದರು. 1942ರ ಆಗಸ್ಟ್‌ನಲ್ಲಿ ರಾಸ್ತೋವ್ ಹೊರವಲಯದ ಜ್ಮಿಯೆವ್ಸ್ಕಾಯಾ ಕಂದರದಲ್ಲಿ ನಾಜಿ ಪಡೆಗಳು ಸಾವಿರಾರು ಯಹೂದಿಗಳನ್ನು ಕೊಂದವು. ಸಬೀನಾ ಷ್ಪೀಲ್ರೈನ್ ಮತ್ತು ಅವರ ಇಬ್ಬರು ಹೆಣ್ಣುಮಕ್ಕಳು ಅಲ್ಲಿ ಸತ್ತರು.

ಜರ್ಮನ್, ಫ್ರೆಂಚ್, ರಷ್ಯನ್ ಭಾಷೆಗಳಲ್ಲಿ ಯೋಚಿಸಿ ಬರೆದ ಅವರ ಕೃತಿಗಳನ್ನು ಯಾವ ದೇಶವೂ ಬಹುಕಾಲ ತನ್ನದೆಂದು ಎತ್ತಿಕೊಳ್ಳಲಿಲ್ಲ. ಉಳಿದದ್ದು ದಿನಚರಿ, ಅದೂ ಅವರು ಪ್ರಕಟಣೆಗೆಂದು ಬರೆದದ್ದಲ್ಲ. ತನಗಾಗಿ ಆಡಿಕೊಂಡ ಮಾತು ಲೋಕಪ್ರಸಿದ್ಧವಾಗಿ, ಲೋಕಕ್ಕೆಂದು ಆಡಿದ ಮಾತು ಕಪಾಟಿನಲ್ಲಿ ಉಳಿದದ್ದು ಅವರದೇ ಸಿದ್ಧಾಂತದ ದೃಷ್ಟಿಯಿಂದ ಕ್ರೂರವಾದ ತಿರುವು. ಈಚೆಗೆ 2018 ಮತ್ತು 2019ರಲ್ಲಿ ಇಂಗ್ಲಿಷಿನಲ್ಲಿ ಅವರ ಬರಹಗಳ ಸಂಕಲನಗಳು ಬಂದಿರುವುದರಿಂದ ಆ ಅನ್ಯಾಯವನ್ನು ಸರಿಪಡಿಸುವ ದಾರಿ ತೆರೆದಿದೆ.

ಕೊನೆಯದಾಗಿ, ಷ್ಪೀಲ್ರೈನ್ ಹೇಳದ, ಆದರೆ ಅವರ ವಿಂಗಡಣೆಯಿಂದ ನಮಗೆ ಹೊಳೆಯಬಹುದಾದ ಒಂದು ಮಾತು. ಅವರು ಮೂರು ಹಂತಗಳನ್ನು ಮಗು ಏರುವ ಮೆಟ್ಟಿಲುಗಳಾಗಿ ಕಂಡರು. ಗಡಿಯಾಚೆಯ ಕನ್ನಡಿಗರಾದ ನಾವು ಒಂದು ಭಾಷೆ ಅದೇ ಮೆಟ್ಟಿಲುಗಳನ್ನು ಇಳಿಯುವುದನ್ನೂ ನೋಡಿದ್ದೇವೆ. ಶಾಲೆ, ಕಚೇರಿ, ನ್ಯಾಯಾಲಯಗಳಲ್ಲಿ ಉತ್ತರ ಸಿಗದಾದಾಗ ಮಾತು ಸಾಮಾಜಿಕ ಹಂತವನ್ನು ಮೊದಲು ಕಳೆದುಕೊಳ್ಳುತ್ತದೆ. ಹರಕೆಯಲ್ಲಿ, ಹಾಡಿನಲ್ಲಿ, ಶಾಪದಲ್ಲಿ ಅದು ಇನ್ನಷ್ಟು ಕಾಲ ಬದುಕಿರುತ್ತದೆ. ಆಮೇಲೆ ಮುದುಕರು ತಮ್ಮಷ್ಟಕ್ಕೆ ಹಣ ಎಣಿಸಿಕೊಳ್ಳುವ ನುಡಿಯಾಗಿ ಉಳಿಯುತ್ತದೆ. ಮನೆಯಲ್ಲಿ ಆಡಿದರೆ ಭಾಷೆ ಉಳಿದೀತೆಂಬ ನಮ್ಮ ಸಮಾಧಾನವನ್ನು ಇಲ್ಲಿ ಪರೀಕ್ಷೆಗೆ ಒಡ್ಡಬೇಕಾಗಿದೆ. ಧ್ವನಿಯನ್ನು ಮಗುವಿನ ತುಟಿ ಎಲ್ಲಿಯಾದರೂ ಹುಟ್ಟಿಸೀತು. ಅದು ಪದವಾಗಬೇಕಾದರೆ, ತೊಟ್ಟಿಲಿನಿಂದ ಹಿಡಿದು ತಾಲೂಕು ಕಚೇರಿಯವರೆಗೆ ಅದೇ ನುಡಿಯಲ್ಲಿ ಓಗೊಡುವವರು ಬೇಕು.