ಮಡಿಲು ಹಿಡಿಯುವಷ್ಟು

ದೀಪಾವಳಿಗೆ ತಂಗಿಯ ಮನೆಗೆ ಹೋದಾಗ ನಡುಮನೆಯಲ್ಲಿ ಎರಡು ಸೂಟ್‌ಕೇಸುಗಳು ಬಾಯಿ ತೆರೆದು ಮಲಗಿದ್ದವು. ಅವಳ ಮಗಳು ಜನವರಿಯ ಸೆಮಿಸ್ಟರಿಗೆ ಅಮೆರಿಕಕ್ಕೆ ಹೊರಟಿದ್ದಳು. ಟಿಕೆಟ್ಟಿನಲ್ಲಿ ಅವಕಾಶವಿದ್ದದ್ದು ತಲಾ 23 ಕಿಲೋದ ಎರಡು ಪೆಟ್ಟಿಗೆಗೆ. ಸೋಫಾದ ಮೇಲೆ ಹಬ್ಬಕ್ಕೆ ಬಂದವರು ಕೊಟ್ಟ ಉಡುಗೊರೆಗಳ ರಾಶಿ: ಮಿಕ್ಸಿ, ಹಿತ್ತಾಳೆಯ ಜೋಡಿ ದೀಪ, ಗೋಡೆ ಗಡಿಯಾರ, ಗಾಜಿನ ಭರಣಿಯಲ್ಲಿ ಉಪ್ಪಿನಕಾಯಿ. ಏನು ಬೇಕಮ್ಮ ಎಂದು ಎಲ್ಲರೂ ಅವಳನ್ನು ಕೇಳಿದ್ದರು. ಏನೂ ಬೇಡ, ನಿಮ್ಮ ಆಶೀರ್ವಾದ ಸಾಕು ಎಂದು ಅವಳು ಎಲ್ಲರಿಗೂ ಹೇಳಿದ್ದಳು. ಈ ಪ್ರಶ್ನೋತ್ತರ ನಮ್ಮಲ್ಲಿ ಮರ್ಯಾದೆಯ ಮಾತು. ವಿದೇಶಕ್ಕೆ ಹೊರಟವರಿಗೆ ಕೊಡುವ ನಮ್ಮ ಪದ್ಧತಿ ಕೆಡುವುದು ಇಲ್ಲಿಂದಲೇ ಎಂಬುದು ನನ್ನ ಅಭಿಪ್ರಾಯ.

ಹಬ್ಬದ ಉಡುಗೊರೆ ನಮ್ಮಲ್ಲಿ ಹೆಚ್ಚಾಗಿ ಮುಯ್ಯಿಯ ಲೆಕ್ಕದಲ್ಲಿ ನಡೆಯುತ್ತದೆ. ಅವರು ಕೊಟ್ಟರು, ನಾವೂ ಕೊಡಬೇಕು; ಕೊಟ್ಟದ್ದು ನಾಲ್ಕು ಜನಕ್ಕೆ ಕಾಣಬೇಕು. ಊರಲ್ಲೇ ಇರುವವರ ನಡುವೆ ಇದರಿಂದ ನಷ್ಟವಿಲ್ಲ. ಬೇಡವಾದದ್ದು ಅಟ್ಟ ಸೇರುತ್ತದೆ, ಕೊಟ್ಟು ತೆಗೆದುಕೊಳ್ಳುವ ನಂಟು ಉಳಿಯುತ್ತದೆ. ಹಂಚಿಕೊಂಡ ಕೋಣೆಯಲ್ಲಿ ಬಾಳಲು ಹೊರಟ ಹುಡುಗಿಗೆ ಅಟ್ಟ ಎಲ್ಲಿದೆ? ಆ ಮಿಕ್ಸಿ ಕೊಟ್ಟವಳು ನಾನು. ಇಲ್ಲಿಯ 230 ವೋಲ್ಟಿಗೆ ಮಾಡಿದ ಯಂತ್ರ ಅಲ್ಲಿಯ 120 ವೋಲ್ಟಿನಲ್ಲಿ ಕಾಯಿ ರುಬ್ಬಲಾರದು, ಅಡಾಪ್ಟರು ಪ್ಲಗ್ಗಿನ ಆಕಾರವನ್ನಷ್ಟೇ ಸರಿಪಡಿಸುತ್ತದೆ ಎಂಬುದನ್ನು ಕೊಳ್ಳುವ ಮೊದಲು ನಾನು ವಿಚಾರಿಸಿರಲಿಲ್ಲ.

ಮನೆ ಬಿಟ್ಟು ಹೋಗುವವಳಿಗೆ ಏನು ಕೊಡಬೇಕೆಂದು ನಮ್ಮ ಹಿರಿಯರಿಗೆ ಗೊತ್ತಿತ್ತು. ಮಡಿಲಕ್ಕಿಯನ್ನೇ ನೋಡಿ. ಅಕ್ಕಿ, ಬೆಲ್ಲ, ಕೊಬ್ಬರಿ ಬಟ್ಟಲು, ಅರಿಶಿನದ ಕೊನೆ, ಎಲೆ ಅಡಿಕೆ, ಒಂದು ರವಿಕೆ ಕಣ. ಸೆರಗಿನಲ್ಲಿ ಕಟ್ಟಿಕೊಂಡು ನಡೆಯುವಷ್ಟೇ ಅದರ ಭಾರ. ಹೋದ ಮನೆಯಲ್ಲಿ ಅಡುಗೆಯಾಗಿ ಮುಗಿಯುತ್ತದೆ, ಯಾರಿಗೂ ಹೊರೆಯಾಗಿ ಉಳಿಯುವುದಿಲ್ಲ. ಬೀಳ್ಕೊಡುಗೆಯನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಮಾನದಂಡ ನನಗೆ ಸಿಕ್ಕಿಲ್ಲ. ಆದರೆ ಅದನ್ನೇ ವಿಮಾನಕ್ಕೆ ಹತ್ತಿಸಲು ಬರುವುದಿಲ್ಲ. ಕೊಬ್ಬರಿಯಲ್ಲಿ ಎಣ್ಣೆಯ ಅಂಶ ಹೆಚ್ಚು. ಅದು ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲದು, ಆದ್ದರಿಂದ ಲಗೇಜಿನಲ್ಲಿ ನಿಷಿದ್ಧ. ಖಪ್ರಾ ಎಂಬ ಧಾನ್ಯದ ಹುಳುವಿನ ಭಯದಿಂದ, ಭಾರತದಿಂದ ಹೋಗುವ ಪ್ರಯಾಣಿಕರು ಅಕ್ಕಿ ತರುವುದನ್ನು ಅಮೆರಿಕ 2011ರಲ್ಲೇ ತಡೆದಿದೆ. ಮಡಿಲಕ್ಕಿಯ ಎರಡು ಮುಖ್ಯ ವಸ್ತುಗಳೇ ಹೀಗೆ ಇಲ್ಲಿ ಉಳಿಯಬೇಕು. ಅದರ ಅಳತೆಯನ್ನಾದರೂ ನಾವು ಜೊತೆಗೆ ಕಳಿಸಬಹುದಿತ್ತು.

ಉಡುಗೊರೆಯಲ್ಲಿ ಉಪಯೋಗ ಹುಡುಕಬಾರದು, ಅದು ನೆನಪಿಗೆ ಎನ್ನುವವರಿದ್ದಾರೆ. ಅವರ ಮಾತನ್ನು ನಾನು ತಳ್ಳಿಹಾಕಲಾರೆ. ರಾಶಿಯಲ್ಲಿದ್ದ ಚನ್ನಪಟ್ಟಣದ ಪುಟ್ಟ ಅರಗಿನ ಬೊಂಬೆ ಯಾವ ಕೆಲಸಕ್ಕೂ ಬರುವಂಥದ್ದಲ್ಲ, ಆದರೂ ಅದನ್ನು ಕೈಗೆತ್ತಿಕೊಂಡಾಗ ಹುಡುಗಿಯ ಮುಖ ಅರಳಿತು. ಅಂಗೈಯಲ್ಲಿ ಅಡಗುವ ನೆನಪು ಅದು. ಗೋಡೆ ಗಡಿಯಾರ ತೋರಿಸುತ್ತಿದ್ದದ್ದು ಕೊಟ್ಟವರ ಹೆಸರನ್ನು. ಕೆಳಗೆ ದೊಡ್ಡ ಅಕ್ಷರದಲ್ಲಿ ಬರೆಸಿಯೂ ಇದ್ದರು.

ಮರುದಿನ ಮಿಕ್ಸಿಯನ್ನು ಹಿಂದಕ್ಕೆ ತೆಗೆದುಕೊಂಡು ಅವಳನ್ನು ಪಕ್ಕಕ್ಕೆ ಕೂರಿಸಿ ಮತ್ತೆ ಕೇಳಿದೆ. ಬೇಡ ಎನ್ನುವ ಹಾಗಿಲ್ಲ, ಯೋಚಿಸಿ ಹೇಳು ಎಂದೆ. ತುಂಬ ಹೊತ್ತು ಸುಮ್ಮನಿದ್ದಳು. "ಇನ್ನೊಂದು ಜೊತೆ ಕನ್ನಡಕ ಮಾಡಿಸಿಕೊಡ್ತೀರಾ ದೊಡ್ಡಮ್ಮ?" ಎಂದಳು. ಅಲ್ಲಿ ಕನ್ನಡಕಕ್ಕೂ ಅಲ್ಲಿಯ ಕಣ್ಣಿನ ತಜ್ಞರ ಚೀಟಿ ಬೇಕು. ವಿದ್ಯಾರ್ಥಿಗಳ ಎಷ್ಟೋ ವಿಮೆಗಳಲ್ಲಿ ಕಣ್ಣು, ಹಲ್ಲಿನ ಖರ್ಚು ಸೇರುವುದಿಲ್ಲ. ಇದನ್ನೆಲ್ಲ ಅವಳು ಮೊದಲೇ ತಿಳಿದುಕೊಂಡಿದ್ದಳು, ಕೇಳಲು ಮಾತ್ರ ನಾಚಿಕೆ. ಆಮೇಲೆ ಧೈರ್ಯ ಬಂದು ಇನ್ನೆರಡು ಹೇಳಿದಳು. ತಾನಿಲ್ಲದಾಗ ಅಮ್ಮನನ್ನು ಬಿಪಿ ತೋರಿಸಲು ಯಾರಾದರೂ ತಿಂಗಳಿಗೊಮ್ಮೆ ಕರೆದುಕೊಂಡು ಹೋಗಬೇಕು. ಅಮ್ಮನ ಸಾರಿನ ಪುಡಿಯ ಕೈಯಳತೆಯನ್ನು ಚಮಚದ ಲೆಕ್ಕಕ್ಕಿಳಿಸಿ ಬರೆದುಕೊಡಬೇಕು.

ಮೊದಲ ಎರಡನ್ನು ನಾನು ಒಪ್ಪಿಕೊಂಡೆ. ಮೂರನೆಯದಕ್ಕೆ ತಂಗಿಯನ್ನು ಕರೆದೆವು. ಅವಳು ಡಬ್ಬಿಯಿಂದ ಒಂದು ಹಿಡಿ ಕೊತ್ತಂಬರಿ ಬೀಜ ತೆಗೆದು ತಟ್ಟೆಗೆ ಸುರಿದಳು. ಮಗಳು ಚಮಚದಿಂದ ಅಳೆದು ಬರೆದುಕೊಂಡಳು. ಎರಡನೆಯ ಹಿಡಿ ಅಷ್ಟೇ ಬರಲಿಲ್ಲ. ಮತ್ತೆ ಅಳೆದರು.